ಕಳ್ವಪ್ಪುವಿನ ಪಿತಾಮಹ: ಸಮ್ರಾಟ್ ಚಂದ್ರಗುಪ್ತ

ಶ್ರವಣಬೆಳಗೊಳಕ್ಕೆ ಯಾತ್ರೆ ಹೋಗುವ ನಮ್ಮ ಧರ್ಮಬಂಧುಗಳಲ್ಲಿ ಬಹುಮಂದಿ ಮೊದಲು ದೊಡ್ಡಬೆಟ್ಟವನ್ನು ಹತ್ತಿ ಭಗವಾನ್ ಬಾಹುಬಲಿ ಸ್ವಾಮಿಯ ದರ್ಶನ ಪಡೆಯುತ್ತಾರೆ. ಸಮಯ ಉಳಿದರೆ ಮಾತ್ರ ಚಿಕ್ಕಬೆಟ್ಟದ ಕಡೆ ಹೊರಳುತ್ತಾರೆ. ಆದರೆ ಚಾವುಂಡರಾಯನು 10ನೆಯ ಶತಮಾನದಲ್ಲಿ ಆ ಮಹಾಮೂರ್ತಿಯನ್ನು ನಿಲ್ಲಿಸುವುದಕ್ಕೆ ಶತಮಾನಗಳ ಮೊದಲೇ ಚಿಕ್ಕಬೆಟ್ಟವು ಕಟವಪ್ರ, ಕಳ್ವಪ್ಪು ಎಂಬ ಹೆಸರಿನಿಂದ ಪುಣ್ಯಭೂಮಿಯೆನಿಸಿತ್ತು. ಅದಕ್ಕೆ ಚಂದ್ರಗಿರಿ ಎಂಬ ಹೆಸರು ಬಂದುದು ಮೌರ್ಯ ಸಾಮ್ರಾಜ್ಯದ ಸ್ಥಾಪಕನಾದ ಚಂದ್ರಗುಪ್ತನಿಂದ ಎಂದು ನಮ್ಮ ಪರಂಪರೆ ಹೇಳುತ್ತದೆ. ಆತನನ್ನು ಸಮ್ರಾಟನೆಂದೂ ಮುನಿಯೆಂದೂ ನಾವೆಲ್ಲರೂ ಬಲ್ಲೆವು. ಆತನು ಒಬ್ಬ ಮಗನ ತಂದೆ, ಮೊಮ್ಮಕ್ಕಳಿಗೆ ಅಜ್ಜ ಎಂಬುದನ್ನು ಮಾತ್ರ ಮರೆಯುತ್ತೇವೆ. ಈ ಪಂಚಕಲ್ಯಾಣ ಮಹೋತ್ಸವದ ಸಂದರ್ಭದಲ್ಲಿ ಆ ದೃಷ್ಟಿಯಿಂದ ಆತನನ್ನು ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇನೆ.

ಚಂದ್ರಗುಪ್ತನ ಬಾಲ್ಯವು ಸಾಹಸದಿಂದಲೇ ಆರಂಭವಾಗುತ್ತದೆ. 12ನೆಯ ಶತಮಾನದ ಆಚಾರ್ಯ ಹೇಮಚಂದ್ರರು ಪರಿಶಿಷ್ಟಪರ್ವದಲ್ಲಿ ಹೇಳುವಂತೆ ಆತನು ನವಿಲು ಸಾಕುವವರ ಹಳ್ಳಿಯ ಮುಖಂಡನ ಮಗಳ ಮಗ. ಗರ್ಭಿಣಿಯಾಗಿದ್ದ ತಾಯಿಗೆ ಚಂದ್ರನನ್ನು ಕುಡಿಯುವ ಬಯಕೆಯಾಯಿತು. ಚಾಣಕ್ಯನು ಚಪ್ಪರದ ಮಾಡಿನಲ್ಲಿ ಒಂದು ರಂಧ್ರ ಮಾಡಿಸಿ, ಕೆಳಗೆ ಹಾಲಿನ ಪಾತ್ರೆಯಿರಿಸಿ, ಅದರಲ್ಲಿ ಬಿದ್ದ ಚಂದ್ರಬಿಂಬವನ್ನು ಆಕೆಗೆ ಕುಡಿಸಿ ಬಯಕೆ ತೀರಿಸಿದನಂತೆ. ಮುಂದೆ ಅದೇ ಚಾಣಕ್ಯನು, ಗೆಳೆಯರ ನಡುವೆ ರಾಜನಾಗಿ ಆಟವಾಡುತ್ತಿದ್ದ ಬಾಲಕನನ್ನು ಕಂಡು ತನ್ನೊಡನೆ ಕರೆದೊಯ್ದನು.

ಮೊದಲ ಯತ್ನದಲ್ಲಿ ಗುರುಶಿಷ್ಯರಿಬ್ಬರಿಗೂ ಸೋಲೇ ಆಯಿತು. ನೇರವಾಗಿ ನಂದರ ರಾಜಧಾನಿಗೆ ಮುತ್ತಿಗೆ ಹಾಕಿ, ಸೋತು, ವೇಷ ಮರೆಸಿಕೊಂಡು ಅಲೆಯಬೇಕಾಯಿತು. ಒಂದು ರಾತ್ರಿ ಒಬ್ಬ ಮುದುಕಿಯ ಮನೆಯಲ್ಲಿ ಮಗುವೊಂದು ಬಿಸಿ ಗಂಜಿಯ ನಡುವಿಗೇ ಬೆರಳಿಟ್ಟು ಸುಟ್ಟುಕೊಂಡಿತು. ಅಂಚಿನಿಂದ ಉಣ್ಣದೆ ನಡುವಿಗೆ ಕೈಹಾಕಿದ ಆ ಮಗುವನ್ನು ಅಜ್ಜಿಯು ಚಾಣಕ್ಯನಿಗೆ ಹೋಲಿಸಿ ಗದರಿದಳು. ಕೇಳಿಸಿಕೊಂಡ ಚಾಣಕ್ಯನಿಗೆ ತನ್ನ ತಪ್ಪು ತಿಳಿಯಿತು. ಅಂದಿನಿಂದ ಗಡಿನಾಡುಗಳನ್ನು ಮೊದಲು ಗೆಲ್ಲುತ್ತ ಬಂದರು. ರೋಮಿನ ಲೇಖಕ ಜಸ್ಟಿನನೂ ಚಂದ್ರಗುಪ್ತನ ಅಲೆದಾಟದ ದಿನಗಳನ್ನು ಬಣ್ಣಿಸಿದ್ದಾನೆ. ಕಾಡಿನಲ್ಲಿ ಬಳಲಿ ಮಲಗಿದ್ದವನ ಮೈಬೆವರನ್ನು ಸಿಂಹವೊಂದು ನೆಕ್ಕಿ ಹೋಯಿತಂತೆ. ಮುಂದೊಮ್ಮೆ ಕಾಡಾನೆಯೊಂದು ತಾನಾಗಿ ಬಂದು ಆತನನ್ನು ಬೆನ್ನಿಗೇರಿಸಿಕೊಂಡಿತಂತೆ.

ಕ್ರಿಸ್ತಪೂರ್ವ 321ರ ಸುಮಾರಿಗೆ ಚಂದ್ರಗುಪ್ತನು ಪಾಟಲಿಪುತ್ರದ ಸಿಂಹಾಸನವನ್ನೇರಿದನು. ಅಲೆಗ್ಸಾಂಡರನ ಸೇನಾನಿಯಾಗಿದ್ದ ಸೆಲ್ಯೂಕಸನು ಸಿಂಧೂ ನದಿಯವರೆಗೆ ಬಂದಾಗ ಆತನನ್ನು ತಡೆದು, ಕ್ರಿಸ್ತಪೂರ್ವ 303ರ ಸುಮಾರಿಗೆ ಒಪ್ಪಂದ ಮಾಡಿಕೊಂಡನು. 500 ಆನೆಗಳನ್ನು ಕೊಟ್ಟು, ಇಂದಿನ ಆಫ್ಘಾನಿಸ್ತಾನದ ವಿಶಾಲ ಭೂಭಾಗವನ್ನು ಪಡೆದನು. ವ್ಯಾಪಾರದಲ್ಲಿ ಕೂದಲು ನರೆತ ನನ್ನಂಥವನಿಗೂ ಇದಕ್ಕಿಂತ ಲಾಭದ ವ್ಯವಹಾರವನ್ನು ಕೇಳಿದ ನೆನಪಿಲ್ಲ. ರಾಯಭಾರಿಯಾಗಿ ಬಂದ ಮೆಗಸ್ತನೀಸನು ಪಾಟಲಿಪುತ್ರದ ಮರದ ಕೋಟೆಗೆ 64 ಬಾಗಿಲುಗಳೂ 570 ಬುರುಜುಗಳೂ ಇದ್ದುವೆಂದು ಬರೆದಿಟ್ಟನು.

ಆದರೆ ಅಷ್ಟು ಬುರುಜುಗಳ ಕೋಟೆಯೂ ಆತನ ಮನೆಯನ್ನು ಕಾಯಲಾರದೆ ಹೋಯಿತು. ಶತ್ರುಗಳು ವಿಷವಿಕ್ಕಿದರೂ ರಾಜನಿಗೆ ತಾಗದಿರಲೆಂದು ಚಾಣಕ್ಯನು ಆತನ ಊಟದಲ್ಲಿ ದಿನದಿನವೂ ಸ್ವಲ್ಪ ಸ್ವಲ್ಪ ವಿಷ ಬೆರೆಸಿ ಅಭ್ಯಾಸ ಮಾಡಿಸುತ್ತಿದ್ದನೆಂದು ಹೇಮಚಂದ್ರರು ಹೇಳುತ್ತಾರೆ. ರಾಜನಿಗೆ ಇದರ ಅರಿವಿರಲಿಲ್ಲ. ಒಂದು ದಿನ ತುಂಬು ಗರ್ಭಿಣಿಯಾದ ರಾಣಿ ದುರ್ಧರೆಯು ಪತಿಯ ತಟ್ಟೆಯಲ್ಲೇ ಕುಳಿತು ಉಂಡಳು. ಪ್ರೀತಿಯಿಂದ ಹಂಚಿಕೊಂಡ ತುತ್ತೇ ಆಕೆಯ ಪ್ರಾಣ ತೆಗೆಯಿತು. ಚಾಣಕ್ಯನು ಧಾವಿಸಿ ಬಂದು ಗರ್ಭವನ್ನು ಸೀಳಿ ಶಿಶುವನ್ನು ಉಳಿಸಿದನು. ವಿಷದ ಒಂದು ಬಿಂದುವು ಮಗುವಿನ ತಲೆಯನ್ನು ಮುಟ್ಟಿತ್ತಾದ್ದರಿಂದ ಬಿಂದುಸಾರನೆಂಬ ಹೆಸರಾಯಿತು. ತನ್ನ ತಟ್ಟೆಯ ಅನ್ನದಿಂದಲೇ ತಾಯಿಯನ್ನು ಕಳೆದುಕೊಂಡ ಮಗನನ್ನು ನೋಡುವಾಗಲೆಲ್ಲ ಆ ತಂದೆಯ ಹೃದಯ ಹೇಗಿದ್ದೀತು? ಗ್ರಂಥಗಳು ಅದನ್ನು ಹೇಳುವುದಿಲ್ಲ. ಮಕ್ಕಳನ್ನು ಸಾಕಿದವರು ಊಹಿಸಬಲ್ಲರು. ಆ ಮಗನೇ ಬೆಳೆದು ರಾಜ್ಯಕ್ಕೆ ಯೋಗ್ಯನಾದನು.

ಚಂದ್ರಗುಪ್ತನು ಸುಮಾರು 24 ವರ್ಷ ಆಳಿದನು. ಬಳಿಕ ನಡೆದುದೇ ಆತನ ಜೀವನದ ಪರಮ ಸಾಹಸ. ಒಂದು ರಾತ್ರಿ ಕಂಡ ಹದಿನಾರು ಸ್ವಪ್ನಗಳ ಫಲವನ್ನು ಆತನು ಶ್ರುತಕೇವಲಿ ಭದ್ರಬಾಹು ಸ್ವಾಮಿಗಳಲ್ಲಿ ಕೇಳಿದನೆಂದೂ, ಉತ್ತರದಲ್ಲಿ ಹನ್ನೆರಡು ವರ್ಷದ ಕ್ಷಾಮ ಬರಲಿದೆಯೆಂದು ತಿಳಿದು ಮುನಿಸಂಘವು ದಕ್ಷಿಣಕ್ಕೆ ಹೊರಟಾಗ, ಮಗನಿಗೆ ರಾಜ್ಯವನ್ನೊಪ್ಪಿಸಿ ದೀಕ್ಷೆ ವಹಿಸಿ ಗುರುಗಳನ್ನು ಹಿಂಬಾಲಿಸಿದನೆಂದೂ ನಮ್ಮ ಪರಂಪರೆ ಹೇಳುತ್ತದೆ. ಸುಮಾರು 600ರ ಚಂದ್ರಗಿರಿಯ ಶಾಸನವೊಂದು ಈ ಸಂಘದ ಪ್ರಯಾಣವನ್ನು ತಿಳಿಸುತ್ತದೆ. ಸುಮಾರು 650ರ ಮತ್ತೊಂದು ಶಾಸನವು ಭದ್ರಬಾಹು ಮತ್ತು ಚಂದ್ರಗುಪ್ತ ಮುನೀಂದ್ರರನ್ನು ಜೊತೆಯಾಗಿ ಸ್ಮರಿಸುತ್ತದೆ. ಶ್ರೀರಂಗಪಟ್ಟಣದ ಸಮೀಪದ, ಸುಮಾರು 900ರ ಶಾಸನಗಳು ಕಳ್ವಪ್ಪುವಿನ ಶಿಖರದಲ್ಲಿ ಈರ್ವರ ಪಾದಚಿಹ್ನೆಗಳಿರುವುದನ್ನು ಹೇಳುತ್ತವೆ. ಗುರುಗಳು ಸಂಘವನ್ನು ಮುಂದಕ್ಕೆ ಕಳುಹಿಸಿ ಕಳ್ವಪ್ಪುವಿನಲ್ಲಿ ನಿಂತರು. ಶಿಷ್ಯನೊಬ್ಬನೇ ಸೇವೆಗೆ ಉಳಿದನು. ಗುರುಗಳ ಸಮಾಧಿಯ ನಂತರವೂ ಅಲ್ಲಿಯೇ ತಪಸ್ಸು ಮಾಡಿ, ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದನು.

ಮಗನನ್ನು ತೊರೆದು ಹೋದವನು ಒಳ್ಳೆಯ ತಂದೆ ಹೇಗಾದಾನು ಎಂದು ಯಾರಾದರೂ ಕೇಳಬಹುದು. ಮೂವತ್ತು ವರ್ಷಗಳಿಂದ ಅಂಗಡಿಯಲ್ಲಿ ಕುಳಿತಿರುವ ನನಗೆ ಇದರ ಉತ್ತರ ತಿಳಿದಿದೆ. ನಡೆಸುವ ಧೈರ್ಯ ಇನ್ನೂ ಬಂದಿಲ್ಲ. ಮಗನು ಸಮರ್ಥನಾಗಿದ್ದರೂ ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಲು ನನ್ನಂಥವರಿಗೆ ಮನಸ್ಸು ಬರುವುದಿಲ್ಲ. ನಾವು ಬಿಡುವುದರೊಳಗೆ ಮಕ್ಕಳ ಉತ್ಸಾಹವೇ ಆರಿಹೋಗಿರುತ್ತದೆ. ಇಡೀ ಸಾಮ್ರಾಜ್ಯದ ಬೀಗದ ಕೈಯನ್ನು ಆ ಮಹಾನುಭಾವನು ಕೈ ಗಟ್ಟಿಯಿದ್ದಾಗಲೇ ಬಿಚ್ಚಿಕೊಟ್ಟನು. ಬಿಂದುಸಾರನು ಅದನ್ನು ಕುಗ್ಗಿಸದೆ ಕಾಪಾಡಿದನು. ಗ್ರೀಕರೊಡನೆ ತಂದೆ ಬೆಳೆಸಿದ್ದ ಸ್ನೇಹವೂ ಮುಂದುವರಿದು, ಡೈಮೇಕಸನೆಂಬ ರಾಯಭಾರಿ ಆತನ ಆಸ್ಥಾನಕ್ಕೆ ಬಂದನು.

ಇನ್ನು ಮೊಮ್ಮಗ. ಇತಿಹಾಸ ಬಲ್ಲ ಮೊಮ್ಮಗನು ಅಶೋಕ. ಕಳಿಂಗ ಯುದ್ಧದ ರಕ್ತಪಾತವನ್ನು ಕಂಡು ಪಶ್ಚಾತ್ತಾಪಪಟ್ಟು, ಪ್ರಾಣಿಹಿಂಸೆ ಬೇಡವೆಂದು ಕಲ್ಲಿನಲ್ಲಿ ಬರೆಯಿಸಿದನು. ಆತನು ಬೌದ್ಧನಾಗಿದ್ದರೂ ಅಜ್ಜನ ತ್ಯಾಗದ ಒಂದು ಕಿಡಿ ಆತನಲ್ಲಿಯೂ ಇದ್ದಿತೆಂದು ನನ್ನ ನಂಬಿಕೆ. ಅಜ್ಜನು ಬರಿಗಾಲಿನಲ್ಲಿ ನಡೆದು ಬಂದ ಈ ಕನ್ನಡ ನೆಲದಲ್ಲೇ, ಬ್ರಹ್ಮಗಿರಿ, ಸಿದ್ದಾಪುರ, ಮಸ್ಕಿಗಳ ಬಂಡೆಗಳ ಮೇಲೆ, ಮೊಮ್ಮಗನ ಶಾಸನಗಳು ಇಂದಿಗೂ ಇವೆ.

19ನೆಯ ಶತಮಾನದಲ್ಲಿ ದೇವಚಂದ್ರನು ಬರೆದ ರಾಜಾವಳಿ ಕಥೆಯು ಬೇರೊಂದು ವಂಶಾವಳಿಯನ್ನು ಕೊಡುತ್ತದೆ. ಇತಿಹಾಸಕ್ಕೂ ಅದಕ್ಕೂ ಹೊಂದಿಕೆಯಿಲ್ಲ. ಅದರಲ್ಲಿ ಚಂದ್ರಗುಪ್ತನ ಮಗ ಸಿಂಹಸೇನ, ಮೊಮ್ಮಗ ಭಾಸ್ಕರ. ಆ ಭಾಸ್ಕರನು ಅಜ್ಜನು ತಪಸ್ಸು ಮಾಡಿದ ಸ್ಥಳವನ್ನು ಅರಸಿ ಪರಿವಾರದೊಡನೆ ದಕ್ಷಿಣಕ್ಕೆ ಬಂದು, ಅಲ್ಲಿ ಚೈತ್ಯಾಲಯಗಳನ್ನು ಕಟ್ಟಿಸಿ, ಬೆಳಗೊಳವೆಂಬ ಊರನ್ನು ನೆಲೆಗೊಳಿಸಿದನಂತೆ. ಕಥೆಯಾದರೂ ಇದರಲ್ಲಿ ಅರ್ಥವಿದೆ. ಅಜ್ಜನು ಅರಮನೆಯನ್ನು ಬಿಟ್ಟು ಬಂದನು. ಮೊಮ್ಮಗನು ಆತನ ನೆನಪಿಗೆ ಅರಮನೆ ಕಟ್ಟಿಸದೆ ಜಿನಾಲಯವನ್ನು ಕಟ್ಟಿಸಿದನು.

ಇಂದು ಚಂದ್ರಗಿರಿಯ ಚಂದ್ರಗುಪ್ತ ಬಸದಿಯ ಮುಂದೆ ನಿಂತರೆ, ಶಿಲ್ಪಿ ದಾಸೋಜನು ಕೆತ್ತಿದ ಕಲ್ಲಿನ ಜಾಲಂಧ್ರದಲ್ಲಿ ಗುರುಶಿಷ್ಯರ ಚರಿತ್ರೆಯ 90 ಚಿಕ್ಕ ಚಿತ್ರಗಳನ್ನು ಕಾಣಬಹುದು. ಮುಂದಿನ ಯಾತ್ರೆಯಲ್ಲಿ ಧರ್ಮಬಂಧುಗಳು ಮಕ್ಕಳು ಮೊಮ್ಮಕ್ಕಳ ಕೈಹಿಡಿದು ಚಿಕ್ಕಬೆಟ್ಟವನ್ನೂ ಹತ್ತಿ, ಅವರಿಗೆ ಈ ಕಥೆಯನ್ನು ಹೇಳಬೇಕೆಂದು ನನ್ನ ವಿನಮ್ರ ಪ್ರಾರ್ಥನೆ. ನಾವು ಇಂದು ಪ್ರತಿಷ್ಠಾಪಿಸುತ್ತಿರುವ ಈ ಬಸದಿಯ ಬೀಗದ ಕೈಯನ್ನೂ ಒಂದು ದಿನ ಅವರ ಕೈಗೆ ಕೊಡಬೇಕಾದವರು ನಾವೇ. ಅದನ್ನು ಸಕಾಲದಲ್ಲಿ, ಸಂತೋಷದಿಂದ ಕೊಡುವ ಮನಸ್ಸನ್ನು ಆ ಪುಣ್ಯಾತ್ಮನ ಸ್ಮರಣೆಯು ನಮಗೆ ನೀಡಲಿ.

ಜಯ ಜಿನೇಂದ್ರ.