ದಿವಾನ್ ರಂಗಾಚಾರ್ಲುರವರು
ಗುಮಾಸ್ತೆಯ ಸ್ಥಾನದಿಂದ ದಿವಾನಗಿರಿಗೆ ಏರಿದ ದಿವಂಗತ ರಂಗಾಚಾರ್ಲುರವರ (1831-1883) ಚರಿತ್ರೆಯು ಅಧಿಕಾರಿವರ್ಗಕ್ಕೆ ಪಾಠಪ್ರಾಯವೆಂದು ನಾವು ಭಾವಿಸುತ್ತೇವೆ. ಮದರಾಸು ಸರ್ಕಾರದ ಕಚೇರಿಗಳಲ್ಲಿ ಪಳಗಿದ ಅವರು 1868ರಲ್ಲಿ ಮೈಸೂರಿಗೆ ಬಂದು ಅರಮನೆಯ ವ್ಯವಹಾರಗಳನ್ನು ನೇರ್ಪಡಿಸಿದರು. 1881ರಲ್ಲಿ ದಿವಾನರಾದಾಗ ಕ್ಷಾಮದಿಂದ ಬಂದ 80 ಲಕ್ಷ ರೂಪಾಯಿಗಳ ಸಾಲವು ಸಂಸ್ಥಾನದ ತಲೆಯ ಮೇಲಿತ್ತು. ವೆಚ್ಚವನ್ನು ಕಡಿಮೆಮಾಡಿದರು. ಆದರೆ ಕಡತದಲ್ಲಿ ಕಾಣುವ ರಾಜ್ಯವೇ ಬೇರೆ, ಹೊಲದಲ್ಲಿಯೂ ಅಂಗಡಿಯಲ್ಲಿಯೂ ಕಾಣುವ ರಾಜ್ಯವೇ ಬೇರೆಯೆಂಬುದನ್ನು ಬಲ್ಲವರಾಗಿದ್ದರು. ಆದುದರಿಂದಲೇ ಅದೇ ವರ್ಷದ ದಸರೆಯಲ್ಲಿ 144 ಮಂದಿ ಜಮೀನುದಾರರನ್ನೂ ವರ್ತಕರನ್ನೂ ಬರಮಾಡಿಕೊಂಡು, ಪ್ರಜಾಪ್ರತಿನಿಧಿ ಸಭೆಯನ್ನು ನೆರೆಯಿಸಿ, ಆಡಳಿತದ ವಿವರವನ್ನು ಮುಂದಿಟ್ಟು, ಅವರ ಅಹವಾಲುಗಳನ್ನು ಕೇಳಿದರು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಸದಸ್ಯರನ್ನು ಪ್ರಜೆಗಳು ಚುನಾಯಿಸಿಯೂ ಇರಲಿಲ್ಲ. ಆದರೂ ಮೇಲಿನಿಂದ ಮಾತ್ರ ನೋಡುತ್ತಿದ್ದ ಸರ್ಕಾರವು ಕೆಳಗಿನಿಂದ ನೋಡುವವರ ಮಾತಿಗೂ ಕಿವಿಗೊಡಬೇಕಾಯಿತು. ಎರಡು ವರ್ಷ ತುಂಬುವ ಮುನ್ನವೇ ಅವರು ಕಾಲವಾದರು; ಸಭೆಯು ಉಳಿದು ಬೆಳೆಯಿತು.