ರಸ್ತೆ ಎಂಜಿನಿಯರ್ ಹಾಕಿದ ಬೆಳಕಿನ ಲೆಕ್ಕ

ಹಸಿರು ಪರದೆಯ ಮುಂದೆ ಗಾಜಿನ ಲೋಟದ ಫೋಟೋ ತೆಗೆದು, ಕತ್ತರಿಸಿ ಬೇರೆ ಹಿನ್ನೆಲೆಗೆ ಅಂಟಿಸಿದರೆ ಸುಳ್ಳು ಅಂತ ತಕ್ಷಣ ಗೊತ್ತಾಗುತ್ತೆ. ಗಾಜು ಹೊಸ ಹಿನ್ನೆಲೆಯನ್ನು ಬಾಗಿಸಿ ತೋರಿಸಬೇಕು, ಪಕ್ಕದ್ದನ್ನು ಪ್ರತಿಫಲಿಸಬೇಕು. ಬಿದ್ದ ಬೆಳಕಿನಲ್ಲಿ ಎಷ್ಟು ವಾಪಸ್ ಬರುತ್ತೆ, ಎಷ್ಟು ಒಳಗೆ ಹೋಗುತ್ತೆ? ಈ ಲೆಕ್ಕ ಕೊಟ್ಟವರು ಅಗಸ್ಟೀನ್ ಫ್ರೆನೆಲ್. ನಮ್ಮ ಹಾಗೇ ಎಂಜಿನಿಯರಿಂಗ್ ಓದಿದವರು, ಅದೂ ಸಿವಿಲ್!

ಹುಟ್ಟಿದ್ದು 1788ರಲ್ಲಿ, ಫ್ರಾನ್ಸಿನ ನಾರ್ಮಂಡಿಯಲ್ಲಿ. ಎಂಟು ವರ್ಷವಾದರೂ ಓದು ಸರಿಯಾಗಿ ಹತ್ತಿರಲಿಲ್ಲ. ಹದಿನಾರಕ್ಕೆ ಪ್ಯಾರಿಸ್ಸಿನ ಪಾಲಿಟೆಕ್ನಿಕ್ ಸೇರಿದರು. ಮುಂದೆ ಸರ್ಕಾರಿ ಕೆಲಸ: ಹಳ್ಳಿಗಾಡಿನಲ್ಲಿ ರಸ್ತೆ ಹಾಕಿಸೋದು. ಆ ಕೆಲಸ ಅವರಿಗೆ ಹಿಡಿಸಲಿಲ್ಲ. 1814ರಲ್ಲಿ ಬೆಳಕಿನ ಧ್ರುವೀಕರಣ ಅಂದರೆ ಏನು ಅಂತಲೇ ತಿಳಿಯದೆ ತಮ್ಮನಿಗೆ ಪತ್ರ ಬರೆದು ಕೇಳಿದ್ದರು.

ಮರುವರ್ಷ ನೆಪೋಲಿಯನ್ ಮರಳಿ ಬಂದಾಗ ವಿರೋಧಿಸಿದ್ದಕ್ಕೆ ಕೆಲಸ ಹೋಯಿತು. ಮನೆಯಲ್ಲೇ ಪ್ರಯೋಗ ಶುರುವಾಯಿತು. ಒಳ್ಳೆಯ ಲೆನ್ಸ್ ಇಲ್ಲದೆ ಜೇನಿನ ಹನಿಯನ್ನೇ ಲೆನ್ಸ್ ಮಾಡಿಕೊಂಡರು. ಬೆಳಕು ಅಲೆ ಎಂಬ ಅವರ ವಾದ ಸರಿಯಾದರೆ ದುಂಡನೆಯ ತಟ್ಟೆಯ ನೆರಳಿನ ನಡುವೆ ಬೆಳಕಿನ ಚುಕ್ಕೆ ಕಾಣಬೇಕಾಗುತ್ತದೆ ಎಂದು ಪ್ವಾಸೋನ್ ತಕರಾರು ತೆಗೆದರು. ಅರಾಗೋ ಪರೀಕ್ಷಿಸಿದಾಗ ಚುಕ್ಕೆ ನಿಜವಾಗಿಯೂ ಕಂಡಿತು! 1819ರಲ್ಲಿ ಅಕಾಡೆಮಿಯ ಬಹುಮಾನ ಫ್ರೆನೆಲ್‌ಗೆ ಸಂದಿತು.

1823ರಲ್ಲಿ ಅವರು ಪ್ರತಿಫಲನದ ಸಮೀಕರಣಗಳನ್ನು ಅಕಾಡೆಮಿಯ ಮುಂದಿಟ್ಟರು. ಗಾಜನ್ನು ನೇರವಾಗಿ ನೋಡಿದರೆ ಅದರ ಒಂದು ಮೇಲ್ಮೈ ಸುಮಾರು 4% ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ; ತೀರಾ ಓರೆಯಾಗಿ ನೋಡಿದರೆ ಹೆಚ್ಚುಕಡಿಮೆ ಕನ್ನಡಿಯೇ. ಕೆರೆಯ ನೀರು ಕಾಲ ಬುಡದಲ್ಲಿ ತಳ ತೋರಿಸಿ, ದೂರದಲ್ಲಿ ಆಕಾಶ ತೋರಿಸೋದೂ ಇದೇ ಕಾರಣಕ್ಕೆ. ಆ ಪ್ರಬಂಧದ ಪೂರ್ಣ ಪಾಠವೇ ಕಳೆದುಹೋಗಿತ್ತು. ಕೊನೆಗೆ ಸಿಕ್ಕಿದ್ದು ತೀರಿಕೊಂಡಿದ್ದ ಫೋರಿಯೇ ಅವರ ಕಾಗದಗಳಲ್ಲಿ. ಹೌದು, ನಮ್ಮ ಸಿಲಬಸ್ಸಿನ ಫೋರಿಯರ್ ಅವರೇ! ಅಚ್ಚಾಗಿದ್ದು 1831ರಲ್ಲಿ.

ಅದನ್ನು ನೋಡಲು ಫ್ರೆನೆಲ್ ಇರಲಿಲ್ಲ. ದೀಪಸ್ತಂಭಗಳಿಗೆ ಮೆಟ್ಟಿಲು ಮೆಟ್ಟಿಲಾದ ಲೆನ್ಸ್ ರೂಪಿಸಿ ಹಡಗುಗಳಿಗೆ ದಾರಿ ತೋರಿಸಿದವರು, 1827ರಲ್ಲಿ ಕ್ಷಯದಿಂದ ತೀರಿಕೊಂಡರು. ವಯಸ್ಸು ಬರೀ 39. ಲಂಡನ್ನಿನ ರಮ್ಫರ್ಡ್ ಪದಕ ಕೈಸೇರಿದ್ದು ಕೊನೆಯ ದಿನಗಳಲ್ಲಿ.

1999ರಲ್ಲಿ ಎನ್ವಿರಾನ್‌ಮೆಂಟ್ ಮ್ಯಾಟಿಂಗ್ ಎಂಬ ವಿಧಾನ ಬಂತು. ವಸುವಿನ ಹಿಂದೆ, ಪಕ್ಕದಲ್ಲಿ ಗೊತ್ತಿರುವ ವಿನ್ಯಾಸಗಳನ್ನು ಪರದೆಯ ಮೇಲೆ ತೋರಿಸಿ ಫೋಟೋ ತೆಗೆದು, ಪ್ರತಿ ಪಿಕ್ಸೆಲ್‌ಗೆ ಬೆಳಕು ಎಲ್ಲಿಂದ, ಎಷ್ಟು ಬಂತು ಎಂದು ಅದು ಅಳೆಯುತ್ತದೆ. ಗಾಜನ್ನು ಪೂರ್ತಿ ಕಂಪ್ಯೂಟರಿನಲ್ಲೇ ಕಟ್ಟುವವರು ಮಾತ್ರ ಫ್ರೆನೆಲ್ ಸಮೀಕರಣವನ್ನೇ ಹಾಕುತ್ತಾರೆ. ಬ್ಲೆಂಡರ್ ತೆರೆದು ನೋಡಿ, ಅವರ ಹೆಸರಿನದೇ ಒಂದು ನೋಡ್ ಇದೆ.