ಬಿಸಿಲು ಬಿಟ್ಟಿ, ಕನ್ನಡಿ ದುಬಾರಿ: ಗಣಿತ ಶಿಕ್ಷಕ ಆಗಸ್ಟಿನ್ ಮೂಶೊ

ಆಗಸ್ಟಿನ್ ಮೂಶೊ 1825ರಲ್ಲಿ ಫ್ರಾನ್ಸಿನಲ್ಲಿ ಜನಿಸಿದರು. ಮೊದಲು ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿದರು. ಅನಂತರ ಪ್ರೌಢಶಾಲೆಗಳಲ್ಲಿ ಗಣಿತ ಬೋಧಿಸಿದರು. ಕಲ್ಲಿದ್ದಲು ಮುಗಿದ ಮೇಲೆ ಕೈಗಾರಿಕೆಗಳ ಗತಿಯೇನು ಎಂಬ ಚಿಂತೆ 1860ರ ಸುಮಾರಿಗೆ ಅವರನ್ನು ಸೂರ್ಯಶಾಖದ ಪ್ರಯೋಗಗಳತ್ತ ಎಳೆಯಿತು. 1869ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನೂ ಪ್ರಕಟಿಸಿದರು.

1875ರ ಹೊತ್ತಿಗೆ ತೂರ್ ನಗರದಲ್ಲಿ ಅವರ ದೊಡ್ಡ ಯಂತ್ರ ಸಿದ್ಧವಾಯಿತು. ಮೇಲ್ಮುಖವಾದ ಶಂಕುವಿನಾಕಾರದ ಕನ್ನಡಿ, ಅದರ ಅಕ್ಷದಲ್ಲಿ ಕಪ್ಪು ಬಳಿದ ತಾಮ್ರದ ಬಾಯ್ಲರ್, ಅದರ ಮೇಲೆ ಗಾಜಿನ ಮುಚ್ಚಳ. ಶಂಕುವಿನ ಗೋಡೆ ಅಕ್ಷಕ್ಕೆ 45° ಓರೆಯಾಗಿದ್ದರೆ, ನೇರವಾಗಿ ಬಿದ್ದ ಕಿರಣಗಳೆಲ್ಲ ಅಕ್ಷದ ಕಡೆಗೇ ಪ್ರತಿಫಲಿಸುತ್ತವೆ. ಚಪ್ಪಟೆ ತಗಡನ್ನು ಸುತ್ತಿದರೆ ಶಂಕು ಆಗುತ್ತದೆ. ಬಟ್ಟಲಿನಂತೆ ತಟ್ಟಿ ಬಾಗಿಸುವ ಕೂಲಿ ಉಳಿಯುತ್ತದೆ.

ಮೂಶೊ ಅಲ್ಜೀರಿಯಾದಲ್ಲಿಯೂ ಪ್ರಯೋಗ ನಡೆಸಿದರು. 1878ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಸುಮಾರು 20 ಚದರ ಮೀಟರ್ ಕನ್ನಡಿಯ ಯಂತ್ರವನ್ನಿಟ್ಟು, ಬಿಸಿಲಿನ ಶಾಖದಿಂದಲೇ ಮಂಜುಗಡ್ಡೆ ಮಾಡಿ ತೋರಿಸಿದರು. ಚಿನ್ನದ ಪದಕ ಬಂದಿತು.

ಆದರೆ ಲೆಕ್ಕ ಬೇರೆಯೇ ಇತ್ತು. 20 ಚದರ ಮೀಟರ್ ಮೇಲೆ ಉರಿಬಿಸಿಲಿನಲ್ಲಿ ಹೆಚ್ಚೆಂದರೆ ಸುಮಾರು 20 ಕಿಲೋವ್ಯಾಟ್ ಶಾಖ ಬೀಳುತ್ತದೆ. ಅಂದಿನ ಉಗಿಯಂತ್ರ ಅದರ ಅಲ್ಪ ಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುತ್ತಿತ್ತು. ಶಕ್ತಿ ಇಮ್ಮಡಿ ಬೇಕೆಂದರೆ ಲೋಹವೂ ಬೆಳ್ಳಿಯ ಲೇಪವೂ ಕೂಲಿಯೂ ಇಮ್ಮಡಿ. ಬೆಳ್ಳಿ ಕಪ್ಪಾಗುತ್ತದೆ, ಮತ್ತೆ ಮತ್ತೆ ಉಜ್ಜಿ ಹೊಳಪು ಕೊಡಬೇಕು. ಸೂರ್ಯ ಸರಿದಂತೆ ಕನ್ನಡಿ ತಿರುಗಬೇಕು. ಇತ್ತ 1860ರ ಇಂಗ್ಲೆಂಡ್ ಒಪ್ಪಂದದಿಂದಲೂ ರೈಲುಮಾರ್ಗಗಳಿಂದಲೂ ಫ್ರಾನ್ಸಿನಲ್ಲಿ ಕಲ್ಲಿದ್ದಲು ಅಗ್ಗವಾಯಿತು. 1880ರ ದಶಕದ ಆರಂಭದಲ್ಲಿ ಸರ್ಕಾರ ನಡೆಸಿದ ಪರೀಕ್ಷೆ, ಯಂತ್ರ ಕೆಲಸ ಮಾಡಿದರೂ ಆದಾಯಕ್ಕೆ ಹೊಂದದು ಎಂದು ತೀರ್ಮಾನಿಸಿತು. ಮೂಶೊ 1912ರಲ್ಲಿ ಪ್ಯಾರಿಸ್ಸಿನಲ್ಲಿ ಬಡತನದಲ್ಲೇ ತೀರಿಕೊಂಡರು.

ಬೋಧನಾಭ್ಯಾಸದಲ್ಲಿ ಸೌರಶಕ್ತಿಯ ಪಾಠ ಬಂದಾಗ, ಅದಕ್ಕೆ ಖರ್ಚಿಲ್ಲ ಎಂದು ಹೇಳಿ ಮುಂದೆ ಸಾಗುವುದು ಸುಲಭ. ಬದಲಾಗಿ, ವೃತ್ತಾಕಾರದ ರಟ್ಟಿನಿಂದ ಸುಮಾರು 255° ಖಂಡ ಕತ್ತರಿಸಿ ಸುತ್ತಿದರೆ 45° ಓರೆಯ ಶಂಕು ಸಿಗುತ್ತದೆ. ಒಳಗೆ ಹೊಳೆಯುವ ಹಾಳೆ ಅಂಟಿಸಲಿ. ಜೊತೆಗೆ ಮಕ್ಕಳು ಸಾಮಗ್ರಿ, ಕೂಲಿ, ನಿರ್ವಹಣೆ ಎಂಬ ಮೂರು ಕಾಲಂಗಳ ಪಟ್ಟಿ ತುಂಬಲಿ. ಯಂತ್ರ ನಡೆಯುವುದು ಒಂದು ಪ್ರಶ್ನೆ, ಅದನ್ನು ನಡೆಸಲು ನಮಗೆ ಕೈಗೂಡುವುದೇ ಎಂಬುದು ಇನ್ನೊಂದು. ಎರಡನ್ನೂ ಕೇಳಲು ಕಲಿತ ಮಗು ವಿಜ್ಞಾನವನ್ನು ಪೂರ್ತಿಯಾಗಿ ಕಲಿತಂತೆ.